ಮಾವನವರ ಮೂರು ಮೆನು



ಕಂಪ್ಯೂಟರಿನ ವಿಷಯ ಎಂದ ಕೂಡಲೇ ರೇಡಿಯೋದ ಕಿವಿ ಹಿಂಡಿ ಬೇರೆ ನಿಲಯ ಹುಡುಕುವವರು ನಿಮ್ಮಲ್ಲಿ ಕೆಲವರಾದರೂ ಇದ್ದಾರೆಂದು ನನಗೆ ಗೊತ್ತು. ದಯವಿಟ್ಟು ಸ್ವಲ್ಪ ತಾಳಿ. ನಾನು ಹೇಳಹೊರಟಿರುವುದು ಯಂತ್ರದ ಕತೆಗಿಂತ ಹೆಚ್ಚಾಗಿ ನಮ್ಮ ಮನೆಯ ಕತೆ. ನಾನು ಕಾಸರಗೋಡು ಜಿಲ್ಲೆಯ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವಳು. ಅದರ ಜೊತೆಗೆ ಕಂಪ್ಯೂಟರ್ ಕೋಣೆಯ ಬೀಗದ ಕೈಯೂ ನನ್ನ ಕೊರಳಿಗೆ ಬಿದ್ದಿದೆ. ಈ ಎರಡನೆಯ ಕೆಲಸ ಯಾಕೆ ಬಂತೆಂದರೆ, ಕೊಡುವ ದಿನ ನಾನು ರಜೆಯಲ್ಲಿದ್ದೆ.

ನಿಮ್ಮ ಮಕ್ಕಳೋ ಮೊಮ್ಮಕ್ಕಳೋ ಕೇರಳದ ಶಾಲೆಗಳಲ್ಲಿ ಓದುವವರಾದರೆ, ಅವರು ಶಾಲೆಯಲ್ಲಿ ಬಳಸುವುದು ವಿಂಡೋಸ್ ಅಲ್ಲ, ಗ್ನು ಲಿನಕ್ಸ್ ಎಂಬುದು ನಿಮಗೆ ತಿಳಿದಿರಬಹುದು. ಮಲಯಾಳದಲ್ಲಿ ಇದನ್ನು ‘ಸ್ವತಂತ್ರ ಸಾಫ್ಟ್‌ವೇರ್’ ಎನ್ನುತ್ತಾರೆ, ಕನ್ನಡದಲ್ಲಿ ಮುಕ್ತ ತಂತ್ರಾಂಶ ಎಂಬ ಮಾತು ರೂಢಿಗೆ ಬಂದಿದೆ. 2001ರಲ್ಲಿ ಐಟಿ ಅಟ್ ಸ್ಕೂಲ್ ಎಂಬ ಹೆಸರಿನಲ್ಲಿ ಮೊದಲಾದ ಯೋಜನೆ 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಯಿತು. ನಮ್ಮ ಮಕ್ಕಳು ಐ.ಟಿ. ಪಠ್ಯಪುಸ್ತಕವನ್ನು ಕನ್ನಡದಲ್ಲೇ ಓದುತ್ತಾರೆ, ಹತ್ತನೆಯ ತರಗತಿಯ ಪರೀಕ್ಷೆಯನ್ನೂ ಈ ಲಿನಕ್ಸಿನ ಮುಂದೆಯೇ ಕೂತು ಬರೆಯುತ್ತಾರೆ. ಗಡಿಯ ಆಚೆ ಈಚೆ ಎಂದು ನಾವು ಅನೇಕ ವಿಷಯಗಳಲ್ಲಿ ಕೊರಗುತ್ತೇವೆ. ಈ ಒಂದು ವಿಷಯದಲ್ಲಿ ಮಾತ್ರ ಕೊರಗಬೇಕಾದ ಕಾರಣ ನನಗೆ ಕಂಡಿಲ್ಲ.

ಈಗ ಒಂದು ಸಣ್ಣ ವಿವರಣೆ. ವಿಂಡೋಸ್ ಕೊಂಡರೆ ಅದರ ಒಳಗಿನ ಯಂತ್ರಭಾಗ ಮತ್ತು ಹೊರಗೆ ಕಾಣುವ ಮುಖ ಎರಡೂ ಅಂಟಿಕೊಂಡೇ ಬರುತ್ತವೆ. ಲಿನಕ್ಸಿನಲ್ಲಿ ಹಾಗಲ್ಲ. ಪರದೆಯ ಮೇಲೆ ಮೆನು ಎಲ್ಲಿರಬೇಕು, ಕಿಟಕಿ ಹೇಗೆ ಮುಚ್ಚಬೇಕು, ಗಡಿಯಾರ ಮೇಲೋ ಕೆಳಗೋ ಎಂದು ತೀರ್ಮಾನಿಸುವ ಭಾಗವೇ ಬೇರೆ. ಅದಕ್ಕೆ ಡೆಸ್ಕ್‌ಟಾಪ್ ಪರಿಸರ ಎಂದು ಹೆಸರು. ಒಂದೇ ಯಂತ್ರದಲ್ಲಿ ಮೂರು ನಾಲ್ಕು ಪರಿಸರಗಳನ್ನು ಇಟ್ಟುಕೊಂಡು, ಹೆಸರು ಮತ್ತು ಗುಪ್ತಪದ ಕೊಡುವ ಹೊತ್ತಿಗೆ ಇವತ್ತು ಯಾವುದು ಬೇಕೋ ಅದನ್ನು ಆಯ್ದುಕೊಳ್ಳಬಹುದು. ನಮ್ಮ ಊರಿನ ಮಾತಿನಲ್ಲಿ ಹೇಳುವುದಾದರೆ, ಪ್ರಸಂಗ ಒಂದೇ, ತೆಂಕುತಿಟ್ಟಿನಲ್ಲಿ ಆಡಿದರೆ ಒಂದು ವೇಷ, ಬಡಗುತಿಟ್ಟಿನಲ್ಲಿ ಆಡಿದರೆ ಇನ್ನೊಂದು ವೇಷ. ವಾಲಿ ಸಾಯುವುದು ಎರಡರಲ್ಲೂ ಹೌದು. ಆದರೆ ಯಾವ ತಿಟ್ಟು ಮೇಲೆಂದು ಕೇಳಿ ನೋಡಿ, ಬೆಳಗಿನ ತನಕ ಜಗಳ ಆಗದಿದ್ದರೆ ಹೇಳಿ!

ಇಲ್ಲೂ ಜಗಳ ಹುಟ್ಟಿನಿಂದಲೇ ಬಂದದ್ದು. 1996ರ ಅಕ್ಟೋಬರ್ 14ರಂದು ಮತಿಯಾಸ್ ಎಟ್ರಿಕ್ ಎಂಬ ಜರ್ಮನಿಯ ವಿದ್ಯಾರ್ಥಿಯೊಬ್ಬ, ಒಂದೊಂದು ಪ್ರೋಗ್ರಾಮಿಗೆ ಒಂದೊಂದು ತರದ ಗುಂಡಿ, ಒಂದೊಂದು ತರದ ನಡವಳಿಕೆ, ಸಾಮಾನ್ಯ ಮನುಷ್ಯ ಇದನ್ನು ಬಳಸುವುದು ಹೇಗೆ ಎಂದು ಬೇಸತ್ತು ಕೆ.ಡಿ.ಇ. ಎಂಬ ಯೋಜನೆಯನ್ನು ಸಾರಿದ. ಕೆಲಸವೇನೋ ಚೆನ್ನಾಗಿತ್ತು. ಆದರೆ ಅದಕ್ಕೆ ಆಧಾರವಾಗಿದ್ದ ಕ್ಯೂಟಿ ಎಂಬ ನಾರ್ವೆಯ ಕಂಪೆನಿಯ ಸಾಮಗ್ರಿ ಆಗ ಪೂರ್ತಿ ಮುಕ್ತವಾಗಿರಲಿಲ್ಲ. ಮನೆ ನಮ್ಮದು, ಅಡಿಪಾಯ ಬೇರೆಯವರದು ಎಂಬ ಅಂಜಿಕೆ. ಆದ್ದರಿಂದ ಮರುವರ್ಷ 1997ರಲ್ಲಿ ಮೆಕ್ಸಿಕೋ ದೇಶದ ಮಿಗೆಲ್ ದೆ ಇಕಾಸಾ ಮತ್ತು ಫೆಡೆರಿಕೋ ಮೆನಾ ಎಂಬಿಬ್ಬರು ಗ್ನೋಮ್ ಎಂಬ ಇನ್ನೊಂದು ಪರಿಸರಕ್ಕೆ ಕೈಹಾಕಿದರು. 2000ದಲ್ಲಿ ಕ್ಯೂಟಿಯೂ ಜಿ.ಪಿ.ಎಲ್. ಪರವಾನಗಿಯಡಿ ಬಂದಮೇಲೆ ಜಗಳದ ಮೂಲ ಕಾರಣ ಹೋಯಿತು. ಮನೆ ಎರಡಾದದ್ದು ಎರಡಾಗಿಯೇ ಉಳಿಯಿತು. ಅಣ್ಣತಮ್ಮಂದಿರ ಪಾಲುಪಟ್ಟಿ ಕಂಡವರಿಗೆ ಇದರಲ್ಲಿ ಆಶ್ಚರ್ಯ ಪಡುವಂಥದ್ದು ಏನೂ ಇಲ್ಲ.

ಇನ್ನು ನಮ್ಮ ಮನೆಗೆ ಬರೋಣ.

ನನ್ನ ಮಾವನವರು ನಿವೃತ್ತ ಮುಖ್ಯೋಪಾಧ್ಯಾಯರು, ಅದಕ್ಕಿಂತ ಹೆಚ್ಚಾಗಿ ತಾಳಮದ್ದಳೆಯ ಅರ್ಥಧಾರಿ. ದೊಡ್ಡ ಹೆಸರು ಮಾಡಿದವರೇನಲ್ಲ, ಸುತ್ತಿನ ಹತ್ತು ಊರಿನ ಕೂಟಗಳಲ್ಲಿ ಅವರಿಗೊಂದು ಚಾಪೆ ಇರುತ್ತಿತ್ತು, ಅಷ್ಟೆ. ಐವತ್ತು ವರ್ಷಗಳಿಂದ ತಾವು ಹೇಳಿದ ಅರ್ಥದ ಟಿಪ್ಪಣಿಗಳನ್ನು ಇನ್ನೂರು ಪುಟದ ನೋಟುಬುಕ್ಕುಗಳಲ್ಲಿ ಬರೆದಿಟ್ಟಿದ್ದರು. 2008ರ ಮಳೆಗಾಲದಲ್ಲಿ ಕಪಾಟು ತೆರೆದರೆ ಒಂದು ಸಾಲು ಪುಸ್ತಕಕ್ಕೆ ಗೆದ್ದಲು ಹಿಡಿದಿತ್ತು. ಅವರು ಆ ದಿನ ಊಟ ಮಾಡಲಿಲ್ಲ. ಮರುದಿನ ನಾನು, “ಮಾವ, ಉಳಿದದ್ದನ್ನು ಕಂಪ್ಯೂಟರಿನಲ್ಲಿ ಟೈಪು ಮಾಡಿಡೋಣ” ಎಂದೆ. “ಮಾಡಿಡೋಣ ಎಂದರೆ ಯಾರು? ನಿನಗೆ ಸಮಯ ಇದೆಯೋ?” ಎಂದು ಕೇಳಿದರು. ಇರಲಿಲ್ಲ. “ಹಾಗಾದರೆ ನನಗೇ ಕಲಿಸು” ಎಂದರು. ಆಗ ಅವರಿಗೆ ಎಪ್ಪತ್ತೆರಡು ವರ್ಷ.

ಆಗ ಮನೆಯ ಯಂತ್ರದಲ್ಲಿ ಇದ್ದದ್ದು ಗ್ನೋಮ್‌ನ ಎರಡನೆಯ ಅವತಾರ. 2002ರಲ್ಲಿ ಹೊರಬಂದ ಈ ಗ್ನೋಮ್ ಎರಡು ಎಂಬುದು, ನನ್ನ ಮಟ್ಟಿಗೆ, ಮನುಷ್ಯರಿಗಾಗಿ ಮಾಡಿದ ಅತ್ಯಂತ ಸಭ್ಯ ಪರಿಸರ. ಮೇಲೆ ಒಂದು ಪಟ್ಟಿ, ಕೆಳಗೆ ಒಂದು ಪಟ್ಟಿ. ಮೇಲಿನ ಪಟ್ಟಿಯ ಎಡಗಡೆ ಮೂರೇ ಮೂರು ಮೆನು. ಕೆಲಸದ ಸಾಧನಗಳಿಗೆ ಒಂದು, ಕಡತಗಳಿರುವ ಜಾಗಗಳಿಗೆ ಒಂದು, ಯಂತ್ರದ ವ್ಯವಸ್ಥೆಗೆ ಒಂದು. ತೆರೆದ ಕಿಟಕಿಗಳ ಹೆಸರು ಕೆಳಗಿನ ಪಟ್ಟಿಯಲ್ಲಿ ಸಾಲಾಗಿ ಕೂತಿರುತ್ತಿತ್ತು. ಮಾವನವರು ಒಂದು ಕಾಗದದಲ್ಲಿ ಈ ಮೂರು ಮೆನುವಿನ ಹೆಸರನ್ನು ಬರೆದು, ಪ್ರತಿಯೊಂದರ ಅಡಿಯಲ್ಲಿ ತಮಗೆ ಬೇಕಾದ್ದನ್ನಷ್ಟೇ ಗುರುತಿಸಿಕೊಂಡು ಗೋಡೆಗೆ ಅಂಟಿಸಿದರು. ಮೂರು ತಿಂಗಳಲ್ಲಿ ಆ ಕಾಗದ ಅವರಿಗೆ ಬೇಡವಾಯಿತು.

ಟೈಪು ಮಾಡುವ ವಿಷಯ ಎರಡು ಭಾಷೆಯವರಾದ ನಮಗೆ ಮುಖ್ಯ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಕನ್ನಡಕ್ಕೆ ಎರಡು ಕೀಲಿಮಣೆ ವಿನ್ಯಾಸಗಳು ಹೆಚ್ಚು ಬಳಕೆಯಲ್ಲಿವೆ. ಒಂದು, ನಮ್ಮ ನೆರೆಯ ಕಿನ್ನಿಕಂಬಳದವರಾದ ಕೆ.ಪಿ. ರಾಯರು ರೂಪಿಸಿದ್ದು. ಕರ್ನಾಟಕ ಸರಕಾರ ಒಪ್ಪಿಕೊಂಡ ಕಗಪ ವಿನ್ಯಾಸ ಅದೇ. ಇಂಗ್ಲಿಷ್ ಅಕ್ಷರದ ಉಚ್ಚಾರವನ್ನು ಹಿಡಿದು ಹೋಗುವುದರಿಂದ ಬೇಗ ಕೈಗೆ ಹತ್ತುತ್ತದೆ. ಇನ್ನೊಂದು ಇನ್‌ಸ್ಕ್ರಿಪ್ಟ್. ಇದು ಭಾರತದ ಹಲವು ಲಿಪಿಗಳಿಗೆ ಸೇರಿಸಿ ಮಾಡಿದ್ದು. ‘ಕೆ’ ಕೀಲಿ ಒತ್ತಿದರೆ ಕ, ‘ಜೆ’ ಒತ್ತಿದರೆ ರ, ‘ಎಚ್’ ಒತ್ತಿದರೆ ಪ. ಕನ್ನಡಕ್ಕೂ ಹೀಗೆಯೇ, ಮಲಯಾಳಕ್ಕೂ ಹೀಗೆಯೇ, ತೆಲುಗಿಗೂ ಹೀಗೆಯೇ. ಶಾಲೆಯಲ್ಲಿ ಮಲಯಾಳ ಟೈಪು ಕಲಿತ ಹುಡುಗಿ, ಬೆರಳನ್ನು ಬದಲಿಸದೆ, ಒಂದು ಗುಂಡಿ ಒತ್ತಿ ಭಾಷೆ ಬದಲಿಸಿ ಕನ್ನಡ ಬರೆಯಬಹುದು. ಆದೋನಿಯವರಿಗೂ ಅಕ್ಕಲಕೋಟೆಯವರಿಗೂ ತಾಳವಾಡಿಯವರಿಗೂ ತಮ್ಮ ತಮ್ಮ ಎರಡನೆಯ ಭಾಷೆಯಲ್ಲಿ ಇದೇ ಅನುಕೂಲ. ಬೆಂಗಳೂರಿನವರಿಗೆ ಕಗಪ ಇಷ್ಟವಾದರೆ ಆಗಲಿ, ಗಡಿಯವರಿಗೆ ಇನ್‌ಸ್ಕ್ರಿಪ್ಟೇ ಸರಿ ಎಂಬುದು ನನ್ನ ಹಟ. ಮಾವನವರಿಗೂ ಅದನ್ನೇ ಕಲಿಸಿದೆ.

ಅವರು ದಿನಕ್ಕೆ ಒಂದು ಪುಟದಂತೆ ಬರೆದರು. ಕಡತಗಳನ್ನು ಪರದೆಯ ಮೇಲೆಯೇ, ಅಂಗಳದಲ್ಲಿ ಅಡಿಕೆ ಹರಡಿದ ಹಾಗೆ, ಇಟ್ಟುಕೊಳ್ಳುತ್ತಿದ್ದರು. ವಾಲಿ ಮೋಕ್ಷ, ಅಂಗದ ಸಂಧಾನ, ಶರಸೇತು ಬಂಧನ, ಕರ್ಣಪರ್ವ ಎಂದು ಒಂದೊಂದರ ಅಡಿಯಲ್ಲಿ ಹೆಸರು. ಒಳಗಿನ ಕೋಶದಲ್ಲಿ ಇಡಿ ಎಂದು ನಾನು ಹೇಳಿದರೆ, “ಕಣ್ಣೆದುರು ಇದ್ದರೆ ಸಾಕು ಮಾರಾಯ್ತಿ” ಎನ್ನುತ್ತಿದ್ದರು. ಐದು ವರ್ಷ ಹೀಗೆ ನಡೆಯಿತು.

2013ರಲ್ಲಿ ಡೆಬಿಯನ್ ಎಂಬ ಲಿನಕ್ಸಿನ ಏಳನೆಯ ಆವೃತ್ತಿ ಬಂತು. ಹಳೆಯದನ್ನೇ ಇಟ್ಟುಕೊಂಡರೆ ಸುರಕ್ಷೆಯ ತಿದ್ದುಪಡಿಗಳು ಹೆಚ್ಚು ಕಾಲ ಸಿಗುವುದಿಲ್ಲ. ಓಣಂ ರಜೆಯಲ್ಲಿ ಕೂತು ಮನೆಯ ಯಂತ್ರಕ್ಕೆ ಹೊಸತನ್ನು ಹಾಕಿದೆ. ಅದರೊಂದಿಗೆ ಗ್ನೋಮ್‌ನ ಮೂರನೆಯ ಅವತಾರ ಬಂತು. ಇದು 2011ರ ಏಪ್ರಿಲ್‌ನಲ್ಲಿ ಲೋಕಕ್ಕೆ ಬಂದಾಗಲೇ ದೊಡ್ಡ ಗದ್ದಲವಾಗಿತ್ತು. ಕೆಳಗಿನ ಪಟ್ಟಿ ಇಲ್ಲ. ಮೂರು ಮೆನುವೂ ಇಲ್ಲ. ಎಡಮೂಲೆಗೆ ಮೌಸ್ ಒಯ್ದರೆ ಇಡೀ ಪರದೆ ಹಿಂದೆ ಸರಿದು, ತೆರೆದ ಕಿಟಕಿಗಳೆಲ್ಲ ಸಣ್ಣದಾಗಿ ಹರಡಿಕೊಳ್ಳುತ್ತವೆ. ಬೇಕಾದ್ದರ ಹೆಸರನ್ನು ಟೈಪು ಮಾಡಿ ಹುಡುಕಬೇಕು. ಪರದೆಯ ಮೇಲೆ ಕಡತಗಳನ್ನು ತೋರಿಸುವ ಪದ್ಧತಿಯನ್ನೂ ಅವರು ಕೈಬಿಟ್ಟಿದ್ದರು. ನನಗೆ ಅದು ಹಿಡಿಸಿತು ಎಂದು ಒಪ್ಪಿಕೊಳ್ಳಬೇಕು. ಪರದೆ ಖಾಲಿ, ಗುಡಿಸಿದ ಮನೆಯಂತೆ. ಮಾವನವರನ್ನು ಕರೆದು, “ನೋಡಿ, ಎಷ್ಟು ಚೊಕ್ಕವಾಗಿದೆ” ಎಂದು ತೋರಿಸಿದೆ. ಅವರು ನೋಡಿದರು. “ಚೊಕ್ಕ ಆಗಿದೆ” ಎಂದರು.

ಅದಾದ ಮೇಲೆ ಅವರು ಯಂತ್ರದ ಮುಂದೆ ಕೂರುವುದು ಕಡಿಮೆಯಾಯಿತು. ಕೇಳಿದರೆ, “ಕಣ್ಣು ಮಂಜಾಗುತ್ತದೆ, ಸದ್ಯಕ್ಕೆ ಬೇಡ” ಎಂದರು. ಕಣ್ಣಿನ ವೈದ್ಯರಲ್ಲಿಗೆ ಕರೆದುಕೊಂಡು ಹೋದೆವು. ಕನ್ನಡಕ ಬದಲಾಯಿತು, ಟೈಪು ಮಾಡುವುದು ಮೊದಲಾಗಲಿಲ್ಲ. ವಯಸ್ಸಾಯಿತು, ಆಸಕ್ತಿ ಹೋಗಿರಬೇಕು ಎಂದು ನಾವು ಮನೆಯವರೆಲ್ಲ ತೀರ್ಮಾನಿಸಿದೆವು. ಹೀಗೆ ಹದಿಮೂರು ತಿಂಗಳು.

2014ರ ದೀಪಾವಳಿಯ ಸಮಯ. ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಹುಡುಗನೊಬ್ಬ ವಿಜ್ಞಾನ ಮೇಳದ ಯಾವುದೋ ಕಾಗದ ತೆಗೆದುಕೊಂಡು ಹೋಗಲು ಮನೆಗೆ ಬಂದಿದ್ದ. ನಾನು ಅಡುಗೆಮನೆಯಲ್ಲಿದ್ದೆ. ಮಾವನವರು ಚಾವಡಿಯಲ್ಲಿ ಅವನೊಂದಿಗೆ ಮೆಲ್ಲಗೆ ಮಾತಾಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಹುಡುಗ ಬಂದು, “ಟೀಚರ್, ಅಜ್ಜ ಕೇಳ್ತಾರೆ, ಅಳಿಸಿಹೋದ ಫೈಲು ಮತ್ತೆ ಸಿಗ್ತದಾ ಅಂತ” ಎಂದ. ಯಾವ ಫೈಲು ಎಂದು ನಾನು ಕೇಳಿದೆ. “ವಾಲಿ, ಕರ್ಣ ಎಲ್ಲ ಹೋಯ್ತಂತೆ. ಟೀಚರಿಗೆ ಹೇಳಬೇಡ, ಬೇಜಾರು ಮಾಡಿಕೊಳ್ತಾಳೆ ಅಂದರು” ಎಂದು ಆ ಮುಗ್ಧ ಎಲ್ಲವನ್ನೂ ಒಪ್ಪಿಸಿಬಿಟ್ಟ.

ಶ್ರೋತೃಗಳೇ, ನನ್ನ ಕೈಯಲ್ಲಿದ್ದ ಸೌಟು ಕೈಯಲ್ಲೇ ಉಳಿಯಿತು. ಪರದೆ ಖಾಲಿಯಾದ ದಿನ ಅವರು ಐದು ವರ್ಷದ ಕೆಲಸ ಅಳಿಸಿಹೋಯಿತೆಂದು ತಿಳಿದುಕೊಂಡಿದ್ದರು. ಅಳಿಸಿದವಳು ಸೊಸೆ. ಗೊತ್ತಾದರೆ ಅವಳಿಗೆ ನೋವಾದೀತೆಂದು ಕಣ್ಣಿನ ಮೇಲೆ ಹೊರಿಸಿ ಸುಮ್ಮನಿದ್ದರು. ಕಡತಗಳು ಎಲ್ಲಿಗೂ ಹೋಗಿರಲಿಲ್ಲ. ‘ಡೆಸ್ಕ್‌ಟಾಪ್’ ಎಂಬ ಕೋಶದ ಒಳಗೆ ಒಂದಕ್ಷರ ಕುಂದಿಲ್ಲದೆ ಇದ್ದವು. ತೋರಿಸುವ ಪದ್ಧತಿ ನಿಂತಿತ್ತು, ಅಷ್ಟೆ.

ಆ ಹುಡುಗ ಮಾಡಿದ ಇನ್ನೊಂದು ಕೆಲಸ ಕೇಳಿ. ಅವನ ಮನೆಯಲ್ಲಿ ಗಲ್ಫಿನಿಂದ ಬಂದ ಮಾಮ ಕೊಡಿಸಿದ ಹಳೆಯ ಯಂತ್ರವೊಂದಿತ್ತು. ಚಿತ್ರ ತೋರಿಸುವ ಶಕ್ತಿ ಸಾಲದ ಯಂತ್ರಗಳಲ್ಲಿ ಗ್ನೋಮ್ ಮೂರು ತಾನಾಗಿ ಹಳೆಯ ಮಾದರಿಯ ರೂಪಕ್ಕೆ ಇಳಿದುಕೊಳ್ಳುತ್ತಿತ್ತು. ಹಾಗಾಗಿ ಆ ರೂಪದ ಪರಿಚಯ ಅವನಿಗಿತ್ತು. ನಮ್ಮ ಯಂತ್ರವನ್ನು ಲಾಗೌಟ್ ಮಾಡಿ, ಗುಪ್ತಪದ ಕೇಳುವ ಪರದೆಯಲ್ಲೇ ಇದ್ದ ಒಂದು ಪಟ್ಟಿಯಿಂದ ‘ಗ್ನೋಮ್ ಕ್ಲಾಸಿಕ್’ ಎಂಬುದನ್ನು ಆರಿಸಿದ. ಮೇಲೆ ಪಟ್ಟಿ ಬಂತು, ಕೆಳಗೆ ಪಟ್ಟಿ ಬಂತು. ಇನ್ನೊಂದು ಸಣ್ಣ ಸಾಧನ ತೆರೆದು ಒಂದು ಕಡೆ ಗುರುತು ಹಾಕಿದ. ವಾಲಿ, ಅಂಗದ, ಕರ್ಣ ಎಲ್ಲರೂ ರಂಗಸ್ಥಳಕ್ಕೆ ಬಂದು ನಿಂತರು. ಹದಿಮೂರು ತಿಂಗಳು ದಿನಾ ನಾನೇ ಗುಪ್ತಪದ ಹಾಕುತ್ತಿದ್ದ ಪರದೆಯಲ್ಲಿ ಆ ಆಯ್ಕೆ ಇತ್ತು! ನಾನು ಒಮ್ಮೆಯೂ ಒತ್ತಿ ನೋಡಿರಲಿಲ್ಲ. ಶಾಲೆಯಲ್ಲಿ ಕಲಿಸುವವಳು ನಾನು.

ಮಾವನವರು ಎದ್ದು ನಿಂತು ಎರಡು ಸಲ ಪರದೆ ನೋಡಿ, “ಮೆನು ಎರಡೇ ಇದೆ, ಮೂರನೆಯದೆಲ್ಲಿ?” ಎಂದರು. ನಿಜ, ‘ವ್ಯವಸ್ಥೆ’ ಎಂಬ ಮೂರನೆಯ ಮೆನುವನ್ನು ಆ ರೂಪದಲ್ಲಿ ತೆಗೆದಿದ್ದರು.

ಅವರಂತೆ ‘ಮೂರನೆಯದೆಲ್ಲಿ’ ಎಂದು ಕೇಳಿದವರು ಪ್ರಪಂಚದಲ್ಲಿ ಬಹಳ ಮಂದಿ ಇದ್ದರು. 2011ರಲ್ಲೇ ಅರ್ಜೆಂಟೀನಾದ ಬಳಕೆದಾರನೊಬ್ಬ ಗ್ನೋಮ್ ಎರಡರ ಮೂಲ ಬರಹವನ್ನೇ ತೆಗೆದುಕೊಂಡು ಬೇರೆ ಹೆಸರಿನಲ್ಲಿ ಮುಂದುವರಿಸಿದ. ಮುಕ್ತ ತಂತ್ರಾಂಶದ ಪರವಾನಗಿ ಹಾಗೆ ಮಾಡಲು ಯಾರಿಗೂ ಬಿಡುತ್ತದೆ. ಕಂಪೆನಿಯ ಕಾಲು ಹಿಡಿಯಬೇಕಾಗಿಲ್ಲ. ಅವನು ಇಟ್ಟ ಹೆಸರು ದಕ್ಷಿಣ ಅಮೆರಿಕದವರು ಚಹಾದಂತೆ ಕುಡಿಯುವ ಒಂದು ಎಲೆಯ ಪಾನೀಯದ್ದು. ಇಂಗ್ಲಿಷಿನಲ್ಲಿ ಬರೆದದ್ದನ್ನು ಓದಿದರೆ ‘ಮೇಟ್’ ಎಂದಾಗುತ್ತದೆ, ಸರಿಯಾದ ಉಚ್ಚಾರ ‘ಮಾತೆ’. 2015ರ ಬೇಸಗೆ ರಜೆಯಲ್ಲಿ ಡೆಬಿಯನ್ ಎಂಟು ಹಾಕಿದಾಗ ನಾನು ಇದನ್ನೇ ಆರಿಸಿಕೊಂಡೆ. ಮೂರು ಮೆನುವೂ ತಮ್ಮ ತಮ್ಮ ಜಾಗದಲ್ಲಿ ಇದ್ದವು. ಹೆಸರೇನೆಂದು ಮಾವನವರು ಕೇಳಿದರು, ಹೇಳಿದೆ. “ಹಾಗಾದರೆ ಮಾತೆ ಹಿಂದೆ ಬಂದಳು ಅನ್ನು” ಎಂದು, ಬಹಳ ದಿನಗಳ ಮೇಲೆ, ಕೂಟದಲ್ಲಿ ನಗುವ ಹಾಗೆ ನಕ್ಕರು.

ಹೊಸ ಗ್ನೋಮನ್ನು ನಾನು ದೂರುತ್ತಿಲ್ಲ. ಅದನ್ನು ಮೊದಲ ಸಲ ಕಂಪ್ಯೂಟರ್ ಮುಟ್ಟುವ ಮಕ್ಕಳ ಮುಂದೆ ಇಟ್ಟು ನೋಡಿದ್ದೇನೆ, ಅವರಿಗೆ ಒಂದೂ ತೊಡಕಾಗುವುದಿಲ್ಲ. ಮರೆಯಬೇಕಾದ್ದು ಅವರ ತಲೆಯಲ್ಲಿ ಏನೂ ಇಲ್ಲವಲ್ಲ. ಲಿನಕ್ಸಿನ ಜನಕ ಲೀನಸ್ ಟೋರ್ವಾಲ್ಡ್ಸ್ ಅವರೇ 2005ರಲ್ಲಿ ಗ್ನೋಮ್ ಬೇಡ, ಕೆ.ಡಿ.ಇ. ಬಳಸಿ ಎಂದು ಬಹಿರಂಗವಾಗಿ ಬರೆದವರು. 2008ರಲ್ಲಿ ಕೆ.ಡಿ.ಇ. ನಾಲ್ಕು ಅರೆಬೆಂದು ಹೊರಬಂದಾಗ ಗ್ನೋಮಿಗೆ ಬಂದರು. 2011ರಲ್ಲಿ ಗ್ನೋಮ್ ಮೂರರ ಮೇಲೆ ಸಿಟ್ಟಾಗಿ ಎಕ್ಸ್‌ಎಫ್‌ಸಿಇಗೆ ಹೋದರು. 2013ರ ಹೊತ್ತಿಗೆ ಮತ್ತೆ ಗ್ನೋಮಿನಲ್ಲೇ ಇದ್ದರು. ಅಂಥವರೇ ಹೀಗೆ ಮನೆ ಬದಲಿಸುತ್ತಿದ್ದರೆ ನಮ್ಮ ನಿಮ್ಮ ಮಾತೇನು!

ನನ್ನ ಸ್ವಂತ ಒಲವು ಈಗ ಆ ಎಕ್ಸ್‌ಎಫ್‌ಸಿಇಯ ಕಡೆಗೆ. ಫ್ರಾನ್ಸಿನ ಒಲಿವಿಯೇ ಫೂರ್ದಾಂ ಎಂಬವರು ಇದನ್ನು 1996ರಲ್ಲೇ ಆರಂಭಿಸಿದರು. ಇಲಿಯ ಚಿತ್ರ ಇದರ ಗುರುತು, ನಡೆ ಮಾತ್ರ ಆಮೆಯದು. 2015ರ ಆವೃತ್ತಿಯಾದ ಮೇಲೆ ಮುಂದಿನದು ಬಂದದ್ದು 2019ರಲ್ಲಿ. ನಿನ್ನೆ ಇದ್ದಲ್ಲೇ ಇವತ್ತೂ ಗುಂಡಿ ಇರುತ್ತದೆ. ಕಡಿಮೆ ಸ್ಮರಣೆಯ ಯಂತ್ರದಲ್ಲೂ ಏದುಸಿರಿಲ್ಲದೆ ಓಡುತ್ತದೆ. ಎಲ್‌ಎಕ್ಸ್‌ಕ್ಯೂಟಿ ಎಂಬುದು ಇದಕ್ಕಿಂತಲೂ ಹಗುರವೆಂದು ಹೇಳುವವರಿದ್ದಾರೆ, ನಾನು ಒಂದು ವಾರ ಇಟ್ಟುಕೊಂಡು ಬಿಟ್ಟೆ. 2025ರ ಅಕ್ಟೋಬರ್ 14ರಂದು ವಿಂಡೋಸ್ ಹತ್ತಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ ನಿಂತಿತು. ತಮಾಷೆಯೆಂದರೆ ಅದು ಕೆ.ಡಿ.ಇ. ಹುಟ್ಟಿದ ದಿನಾಂಕವೂ ಹೌದು. ಆಗ ನೆರೆಕರೆಯವರು ಇನ್ನು ಗುಜರಿಗೆ ಎಂದು ತಂದುಕೊಟ್ಟ ಎರಡು ಯಂತ್ರಗಳಿಗೆ ಎಕ್ಸ್‌ಎಫ್‌ಸಿಇ ಹಾಕಿ ಕೊಟ್ಟಿದ್ದೇನೆ. ಒಂದು ಈಗ ಹಾಲಿನ ಲೆಕ್ಕ ಬರೆಯುತ್ತಿದೆ.

ಮಗನದು ಕೆ.ಡಿ.ಇ. ಪ್ಲಾಸ್ಮಾ. ಅವನು ಪಟ್ಟಿಯನ್ನು ಒಮ್ಮೆ ಎಡಕ್ಕೆ, ಒಮ್ಮೆ ಮೇಲಕ್ಕೆ ಸಾಗಿಸುತ್ತಾ, ಕಿಟಕಿ ಮುಚ್ಚುವಾಗ ಅದು ನಡುಗಿ ಮಾಯವಾಗುವ ಹಾಗೆ ಮಾಡುತ್ತಾ ರಾತ್ರಿ ಕಳೆಯುತ್ತಾನೆ. ಬದಲಿಸಲಾಗದ್ದು ಅದರಲ್ಲಿ ಏನೂ ಇಲ್ಲ ಎಂಬುದೇ ಅವನ ಹೆಮ್ಮೆ, ನನ್ನ ತಕರಾರೂ ಅದೇ. ಆದರೆ ಒಂದು ಹಳೆಯ ದೂರನ್ನು ನಾನು ಹಿಂತೆಗೆದುಕೊಳ್ಳಬೇಕು. ಆರಂಭದ ವರ್ಷಗಳಲ್ಲಿ ಗ್ನೋಮ್ ಮತ್ತು ಕೆ.ಡಿ.ಇ.ಗಳು ಕನ್ನಡದ ಒತ್ತಕ್ಷರಗಳನ್ನು ಜೋಡಿಸುವ ಕೆಲಸಕ್ಕೆ ಬೇರೆ ಬೇರೆ ಸಾಧನ ಬಳಸುತ್ತಿದ್ದವು. ಒಂದರಲ್ಲಿ ನೆಟ್ಟಗೆ ಕೂತ ಅರ್ಕಾವತ್ತು ಇನ್ನೊಂದರಲ್ಲಿ ದಾರಿ ತಪ್ಪಿದ್ದನ್ನು ನಾನೇ ಕಂಡಿದ್ದೇನೆ. ಈಗ ಎರಡೂ ಹಾರ್ಫ್‌ಬಜ್ ಎಂಬ ಒಂದೇ ಸಾಧನವನ್ನು ನೆಚ್ಚಿಕೊಂಡಿವೆ. ಅದನ್ನು ಕಟ್ಟಿ ನಿಲ್ಲಿಸಿದವರು ಇರಾನಿನಲ್ಲಿ ಹುಟ್ಟಿದ ಬೆಹದಾದ್ ಎಸ್ಫಾಬೋದ್, ಹೆಸರೂ ಪಾರ್ಸಿಯದ್ದೇ. ಕನ್ನಡದ ಅರ್ಕಾವತ್ತು ನೆಟ್ಟಗಾಗಲು ಪಾರ್ಸಿ ನುಡಿಯವರೊಬ್ಬರು ಬೇಕಾಯಿತು ಎಂದರೆ ಮಾವನವರು ನಂಬುತ್ತಿರಲಿಲ್ಲ.

ಮೆನುಗಳ ಕನ್ನಡ ಮಾತ್ರ ಎಲ್ಲ ಕಡೆ ಒಂದೇ ಮಟ್ಟದಲ್ಲಿಲ್ಲ. ಅಪ್ಲಿಕೇಶನ್ನಿಗೆ ‘ಅನ್ವಯ’, ಫೈಲಿಗೆ ‘ಕಡತ’ ಎಂದು ಯಾರೋ ಪುಣ್ಯಾತ್ಮರು ಸಂಬಳವಿಲ್ಲದೆ ಕೂತು ಒಂದೊಂದೇ ಸಾಲು ಅನುವಾದಿಸಿದ್ದು ಅದು. ಅವರ ಕೈ ಸೋತಲ್ಲಿ ಇಂಗ್ಲಿಷ್ ಇಣುಕುತ್ತದೆ. ಕೇಳುಗರಲ್ಲಿ ಯಾರಿಗಾದರೂ ರಾತ್ರಿ ಊಟದ ಮೇಲೆ ಒಂದು ಗಂಟೆ ಬಿಡುವಿದ್ದರೆ, ಆ ಕೆಲಸ ಇನ್ನೂ ಬಾಕಿ ಇದೆ. ಎರಡು ಭಾಷೆ ಬಲ್ಲವರಿಗೆ ಮಲಯಾಳದ ಅನುವಾದವನ್ನು ಪಕ್ಕದಲ್ಲಿಟ್ಟು ನೋಡುವ ಅನುಕೂಲವೂ ಇದೆ.

ಮಾವನವರು 2021ರಲ್ಲಿ ತೀರಿಕೊಂಡರು. ಹದಿನೇಳು ಪ್ರಸಂಗಗಳ ಅರ್ಥ ಕಂಪ್ಯೂಟರಿನಲ್ಲಿದೆ. ಭೀಷ್ಮಪರ್ವದ್ದು ಇಲ್ಲ. ಅವರ ಭೀಷ್ಮನನ್ನು ಕೇಳಿದವರು ಇಂದಿಗೂ ನೆನೆಯುತ್ತಾರೆ. ಅದನ್ನು ಟೈಪು ಮಾಡಬೇಕೆಂದು ತೆಗೆದಿಟ್ಟದ್ದು 2013ರ ಓಣಂ ರಜೆಗೆ ಸ್ವಲ್ಪ ಮೊದಲು. ಆ ಹದಿಮೂರು ತಿಂಗಳಲ್ಲಿ ಆ ನೋಟುಬುಕ್ಕು ಮೇಜಿನ ಕೆಳಗಿನ ಪೆಟ್ಟಿಗೆಯಲ್ಲಿ ಉಳಿದು, ಅದಕ್ಕೂ ಗೆದ್ದಲು ಬಂತು. ಮತ್ತೆ ನೆನಪಿನಿಂದ ಬರೆಯಲು ಕೂತವರು ನಾಲ್ಕು ಪುಟಕ್ಕೆ ನಿಲ್ಲಿಸಿದರು. “ಆಗ ಹೇಳಿದ್ದು ಈಗ ಬರುವುದಿಲ್ಲ” ಎಂದಷ್ಟೇ ಹೇಳಿದರು. ನನ್ನನ್ನು ಒಂದು ಮಾತೂ ಅನ್ನಲಿಲ್ಲ.

ಅವರ ಹೆಸರಿನ ಖಾತೆಯನ್ನು ನಾನು ತೆಗೆದಿಲ್ಲ. ಯಂತ್ರ ಬದಲಾಯಿತು, ಡೆಬಿಯನ್ನೂ ಹಲವು ಸಲ ಬದಲಾಯಿತು, ಆ ಖಾತೆಯಲ್ಲಿ ಮಾತ್ರ ಮಾತೆಯೇ ಇದೆ. ಮೂರು ಮೆನು, ಎರಡು ಪಟ್ಟಿ, ಪರದೆ ತುಂಬ ಕಡತಗಳು. ಹೋದ ತಿಂಗಳು ಮಗ, “ಅಮ್ಮಾ, ಅಜ್ಜನ ಫೈಲುಗಳನ್ನೆಲ್ಲ ಒಂದು ಕೋಶಕ್ಕೆ ಹಾಕಿ ಪರದೆ ಚೊಕ್ಕ ಮಾಡಲಾ?” ಎಂದು ಕೇಳಿದ. ಒಂದು ಪ್ರತಿ ಮಾಡಿಟ್ಟುಕೋ, ಅಲ್ಲಿರುವುದನ್ನು ಮುಟ್ಟಬೇಡ ಎಂದೆ. ಭೀಷ್ಮಪರ್ವದ ಆ ನಾಲ್ಕು ಪುಟ ಬಲಗಡೆ ಕೊನೆಯಲ್ಲಿದೆ. ಅವರ ಭೀಷ್ಮನ ಅರ್ಥವನ್ನು ಯಾರಾದರೂ ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟಿದ್ದರೆ ನಿಲಯಕ್ಕೆ ಒಂದು ಕಾರ್ಡು ಬರೆಯಿರಿ, ನಾನೇ ಬಂದು ಪ್ರತಿ ಮಾಡಿಕೊಳ್ಳುತ್ತೇನೆ.